ಹಳೇ ರೇಂಜ್‌ಫೈಂಡರ್ ಕ್ಯಾಮೆರಾ ಕೊಳ್ಳುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲ್ಮ್ ಕ್ಯಾಮೆರಾ ಹುಚ್ಚು ಮತ್ತೆ ಶುರುವಾದ ಮೇಲೆ ಹಳೇ ಯಾಶಿಕಾ, ಕ್ಯಾನನೆಟ್, ಜೋರ್ಕಿಗಳ ಫೋಟೋ ಕಳಿಸಿ "ತಗೊಳ್ಳಲಾ, ಬೇಡ್ವಾ" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಇವೆಲ್ಲ ರೇಂಜ್‌ಫೈಂಡರ್, ಅಂದರೆ ಎರಡು ಬಿಂಬಗಳನ್ನು ಒಂದು ಮಾಡಿ ಫೋಕಸ್ ಮಾಡುವ ಕ್ಯಾಮೆರಾಗಳು. ಒಬ್ಬೊಬ್ಬರಿಗೂ ಅದನ್ನೇ ಬರೆಯುವ ಬದಲು ಎಲ್ಲ ಇಲ್ಲಿ ಹಾಕಿದ್ದೇನೆ. ಐವತ್ತು ಅರವತ್ತು ವರ್ಷ ಹಳೇ ಕ್ಯಾಮೆರಾದಲ್ಲಿ ಏನಾದರೊಂದು ದೋಷ ಇದ್ದೇ ಇರುತ್ತದೆ. ಅದು ರಿಪೇರಿ ಆಗುವಂಥದ್ದಾ, ಆಗದ್ದಾ ಅಂತ ಗುರುತು ಹಿಡಿಯೋಕೆ ಬಂದರೆ ಸಾಕು, ಮಿಕ್ಕಿದ್ದು ಚೌಕಾಸಿ.

ನಮ್ಮ ಮನೆಯಲ್ಲಿ ಯಾಶಿಕಾ ಎಂಎಫ್-2 ಇದೆ. ಅದೂ ರೇಂಜ್‌ಫೈಂಡರಾ?

ಅಲ್ಲ. ಎಂಎಫ್-2 ಫಿಕ್ಸೆಡ್ ಫೋಕಸ್ ಕ್ಯಾಮೆರಾ, ಅದರಲ್ಲಿ ಫೋಕಸ್ ಮಾಡೋಕೆ ಏನೂ ಇಲ್ಲ. ಒಲಿಂಪಸ್ ಟ್ರಿಪ್ 35 ಕೂಡ ಅಲ್ಲ, ಅದರಲ್ಲಿ ದೂರವನ್ನು ಅಂದಾಜು ಮಾಡಿ ಚಿತ್ರದ ಗುರುತಿಗೆ ತಿರುಗಿಸಬೇಕು. ಮಾರುವವರು ಕಿಟಕಿ ಇರುವ ಎಲ್ಲ ಹಳೇ ಕ್ಯಾಮೆರಾಗೂ "ವಿಂಟೇಜ್ ರೇಂಜ್‌ಫೈಂಡರ್" ಅಂತ ಹೆಸರಿಟ್ಟು ಬೆಲೆ ಏರಿಸುತ್ತಾರೆ, ನಂಬಬೇಡಿ.

ನಿಜವಾದ ರೇಂಜ್‌ಫೈಂಡರಿನ ಮುಂಭಾಗದಲ್ಲಿ ಸಾಮಾನ್ಯವಾಗಿ ಎರಡು ಕಿಟಕಿ ಇರುತ್ತವೆ, ಒಂದು ದೊಡ್ಡದು, ಒಂದು ಸಣ್ಣದು. ಎರಡರಿಂದ ಬರುವ ಬಿಂಬಗಳು ಒಳಗಿನ ಅರೆಗನ್ನಡಿಯಲ್ಲಿ ಸೇರುತ್ತವೆ. ವ್ಯೂಫೈಂಡರಿನ (ಕಣ್ಣಿಟ್ಟು ನೋಡುವ ಕಿಂಡಿಯ) ನಡುವೆ ಹಳದಿ ಛಾಯೆಯ ಒಂದು ಸಣ್ಣ ಚೌಕ ಕಾಣುತ್ತದೆ, ಅದಕ್ಕೆ ಪ್ಯಾಚ್ ಅಂತಾರೆ. ಲೆನ್ಸ್ ತಿರುಗಿಸಿದಾಗ ಆ ಚೌಕದೊಳಗಿನ ಎರಡು ಬಿಂಬ ಹತ್ತಿರ ಬಂದು ಒಂದಾಗಬೇಕು. ಅಲ್ಲಿಗೆ ಫೋಕಸ್ ಆಯಿತು.

ಮಾರುವವರ ಎದುರಿಗೇ ನಿಂತಿದ್ದೇನೆ, ಐದು ನಿಮಿಷ ಇದೆ. ಏನು ನೋಡಲಿ?

ಮೊದಲು ಶಟರ್ (ಫಿಲ್ಮಿಗೆ ಬೆಳಕು ಬಿಡುವ ಬಾಗಿಲು), ಆಮೇಲೆ ಪ್ಯಾಚ್, ಆಮೇಲೆ ಲೆನ್ಸ್. ಹೊರಗಿನ ಹೊಳಪು ಕೊನೆಗೆ. ಎಲ್ಲರೂ ಇದನ್ನು ತಲೆಕೆಳಗು ಮಾಡುತ್ತಾರೆ, ಅದಕ್ಕೇ ಕೇಳಿದಷ್ಟು ಕೊಟ್ಟು ಬರುತ್ತಾರೆ. ಜೇಬಿನಲ್ಲಿ ಒಂದು ಸಣ್ಣ ಟಾರ್ಚ್, ಹಳೇ ಕೆಟ್ಟುಹೋದ ಫಿಲ್ಮ್ ರೀಲು, ಸರಿಯಾದ ಬ್ಯಾಟರಿ ಇಟ್ಟುಕೊಂಡು ಹೋಗಿ. ಬೆಂಗಳೂರಿನ ಸಂಡೇ ಬಜಾರಿನಂಥ ಕಡೆ ಬೀದಿಯಲ್ಲೇ ಹರಡಿಕೊಂಡು ಮಾರುವವರ ಹತ್ತಿರ ಬ್ಯಾಟರಿ ಇರಲ್ಲ. "ಬ್ಯಾಟರಿ ಹಾಕಿದ್ರೆ ಓಡುತ್ತೆ ಸಾರ್" ಅನ್ನುವ ಮಾತು ಮಾತ್ರ ಎಲ್ಲರ ಹತ್ತಿರವೂ ಇರುತ್ತದೆ.

ಶಟರ್ ಸರಿಯಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕಿವಿಯಿಂದ ಶುರು ಮಾಡಿ. ಕ್ಯಾಮೆರಾ ಪೂರ್ತಿ ಮೆಕ್ಯಾನಿಕಲ್ ಆಗಿದ್ದರೆ ಅತಿ ನಿಧಾನದ ವೇಗಕ್ಕೆ ತಿರುಗಿಸಿ. ಲೈಕಾ, ಜೋರ್ಕಿ 4ರಲ್ಲಿ ಅದು 1 ಸೆಕೆಂಡ್, ಕ್ಯಾನನೆಟ್ ಕ್ಯೂಎಲ್17 ಜಿ3ರಲ್ಲಿ 1/4. ಲಿವರ್ ಎಳೆದು ಬಟನ್ ಒತ್ತಿ (ಜೋರ್ಕಿಯಂಥ ರಷ್ಯನ್ ಕ್ಯಾಮೆರಾದಲ್ಲಿ ಮಾತ್ರ ಮೊದಲು ಎಳೆದು, ಆಮೇಲೆ ವೇಗ ತಿರುಗಿಸಬೇಕು). ಮೊದಲು ಒಂದು ಕ್ಲಿಕ್, ಆಮೇಲೆ ಹಲ್ಲುಚಕ್ರಗಳ ಸರ್ರ್ ಅನ್ನುವ ಒಂದೇ ಸಮನಾದ ಸದ್ದು, ಕೊನೆಗೆ ಇನ್ನೊಂದು ಕ್ಲಿಕ್. ನಡುವೆ ಸದ್ದು ಮುಗ್ಗರಿಸಿದರೆ, ಎಳೆದಾಡಿದರೆ ಅಥವಾ ನಿಂತೇಹೋದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ. ಶಟರಿನ ರೋಗ ಮೊದಲು ಕಾಣಿಸುವುದು ನಿಧಾನದ ವೇಗದಲ್ಲೇ. ಇದು ರಿಪೇರಿ ಆಗುವ ದೋಷ, ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದರೆ ಸರಿಹೋಗುತ್ತದೆ, ಆದರೆ ಆ ಖರ್ಚನ್ನು ಈಗಲೇ ಬೆಲೆಯಲ್ಲಿ ಕಳೆಯಬೇಕು.

ಇನ್ನೊಂದು ವಿಷಯ. ಲೆನ್ಸಿನೊಳಗೇ ಶಟರ್ ಇರುವ ಕ್ಯಾಮೆರಾಗಳಲ್ಲಿ ಕ್ಲಿಕ್ ಸದ್ದು ಬಂದರೂ ಬ್ಲೇಡು ತೆರೆಯದೆ ಇರಬಹುದು, ಎಣ್ಣೆ ಸೋರಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಿಂದಿನ ಬಾಗಿಲು ತೆರೆದು ಬೆಳಕಿನ ಕಡೆ ಹಿಡಿದು ಒತ್ತಿ ನೋಡಿ. ಬೆಳಕಿನ ಚುಕ್ಕಿ ಮಿಂಚಬೇಕು. ಸದ್ದನ್ನಷ್ಟೇ ಕೇಳಿ ದುಡ್ಡು ಕೊಟ್ಟುಬಿಡಬೇಡಿ.

ವೇಗ ನಿಖರವಾಗಿದೆಯಾ ಅಂತ ಅಳೆಯೋಕೆ ಆಗುತ್ತಾ?

ಫೋನ್ ಸಾಕು, ಅರ್ಧಮಟ್ಟಿಗೆ. ಸೆಕೆಂಡಿಗೆ 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ತೆರೆದ ಬಾಗಿಲಿನ ಕಡೆಯಿಂದ ವಿಡಿಯೋ ಮಾಡಿ, ಬೆಳಕು ಕಾಣುವ ಫ್ರೇಮುಗಳನ್ನು ಎಣಿಸಿ. 1/4ಕ್ಕೆ 60, 1/30ಕ್ಕೆ 8 ಬರಬೇಕು. 1/60ಕ್ಕೆ 4 ಮಾತ್ರ, ಅದಕ್ಕಿಂತ ವೇಗವಾದದ್ದನ್ನು ಹೀಗೆ ಅಳೆಯೋಕೆ ಹೋಗಬೇಡಿ. 1/500 ಅಂತ ಬರೆದದ್ದು ನಿಜವಾಗಿ 1/350 ಓಡುತ್ತಿದ್ದರೆ ನಾನಂತೂ ತಲೆ ಕೆಡಿಸಿಕೊಳ್ಳಲ್ಲ, ನೆಗೆಟಿವ್ ಫಿಲ್ಮ್ ಅಷ್ಟನ್ನು ಸಹಿಸಿಕೊಳ್ಳುತ್ತದೆ. ಸ್ಲೈಡ್ ಫಿಲ್ಮ್ ಹಾಕುವವರು ಮಾತ್ರ ಸ್ವಲ್ಪ ಹುಷಾರು.

ಬಟ್ಟೆ ಪರದೆಯ ಶಟರಿನಲ್ಲಿ ಬೇರೆ ಏನು ನೋಡಬೇಕು?

ಲೈಕಾ, ಫೆಡ್, ಜೋರ್ಕಿಗಳಲ್ಲಿ ಫಿಲ್ಮಿನ ಮುಂದೆ ರಬ್ಬರ್ ಲೇಪಿಸಿದ ಬಟ್ಟೆ ಪರದೆ ಇದೆ. ಎಸ್‌ಎಲ್‌ಆರ್‌ನಲ್ಲಿ (ಲೆನ್ಸಿನ ಮೂಲಕವೇ ನೋಡುವ ಕ್ಯಾಮೆರಾದಲ್ಲಿ) ಇರುವಂತೆ ನಡುವೆ ಕನ್ನಡಿ ಇಲ್ಲ. ಹಾಗಾಗಿ ಮುಚ್ಚಳ ಹಾಕದೆ ಬಿಸಿಲಲ್ಲಿ ಇಟ್ಟರೆ ಲೆನ್ಸ್ ಬಿಸಿಲನ್ನು ಪರದೆ ಮೇಲೆ ಕೂಡಿಸಿ ಬಟ್ಟೆಯನ್ನೇ ಸುಟ್ಟು ತೂತು ಮಾಡುತ್ತದೆ. ಲೆನ್ಸ್ ಬಿಚ್ಚಿ, ಕತ್ತಲೆ ಮೂಲೆಯಲ್ಲಿ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಶಟರ್ ಎಳೆಯುವ ಮುಂಚೆ ಒಮ್ಮೆ, ಎಳೆದ ಮೇಲೆ ಇನ್ನೊಮ್ಮೆ ನೋಡಬೇಕು, ಯಾಕಂದ್ರೆ ಪರದೆ ಎರಡು ಇವೆ. ಸೂಜಿಮೊನೆಯಷ್ಟು ತೂತನ್ನು ಕಪ್ಪು ಬಟ್ಟೆ ಪೇಂಟಿನಿಂದ ಮುಚ್ಚಬಹುದು. ಬಟ್ಟೆಯೇ ಸುಕ್ಕುಗಟ್ಟಿ ಬಿರುಕು ಬಿಟ್ಟಿದ್ದರೆ ಪರದೆ ಬದಲಿಸಬೇಕು, ಅದು ದೊಡ್ಡ ಕೆಲಸ.

1/1000ದಲ್ಲಿ ಬಿಳಿ ಗೋಡೆ ಅಥವಾ ಆಕಾಶದ ಕಡೆ ಹಿಡಿದು ಹಿಂದಿನಿಂದ ನೋಡಿ. ಚೌಕದ ಒಂದು ಬದಿ ಕಪ್ಪಾಗಿ ಕಂಡರೆ ಹಿಂದಿನ ಪರದೆ ಮುಂದಿನದನ್ನು ದಾರಿಯಲ್ಲೇ ಹಿಡಿದುಬಿಡುತ್ತಿದೆ ಅಂತ ಅರ್ಥ.

ಪ್ಯಾಚ್ ಕಾಣೋದೇ ಇಲ್ಲ. ಸ್ವಲ್ಪ ಒರೆಸಿದರೆ ಸರಿಹೋಗುತ್ತಾ?

ಎರಡು ಕಾರಣ ಇರಬಹುದು, ಬೆಲೆ ಎರಡಕ್ಕೂ ಬೇರೆ. ಕಿಟಕಿ ಗಾಜಿನ ಒಳಗೆ ಧೂಳು, ಮಬ್ಬು ಕೂತಿದ್ದರೆ ವ್ಯೂಫೈಂಡರ್ ಪೂರ್ತಿ ಮಂಕಾಗಿರುತ್ತದೆ. ಮೇಲಿನ ತಗಡು ಬಿಚ್ಚಿ ಒರೆಸಿದರೆ ಆಯಿತು. ಅದೇ ವ್ಯೂಫೈಂಡರ್ ಚೆನ್ನಾಗಿ ಕಾಣುತ್ತಿದೆ, ಪ್ಯಾಚ್ ಮಾತ್ರ ಮಾಯ ಅಂದ್ರೆ ಅರೆಗನ್ನಡಿಯ ಲೇಪನ ಹೋಗಿರುವ ಸಾಧ್ಯತೆ ಜಾಸ್ತಿ. ಅದನ್ನು ಒರೆಸಿ ತರೋಕೆ ಆಗಲ್ಲ, ಒರೆಸಿದರೆ ಉಳಿದದ್ದೂ ಹೋಗುತ್ತದೆ. ಯಾರೋ ಹಾಗೆ ಒರೆಸಿದ್ದಕ್ಕೇ ಹೋಗಿರುವುದೂ ಉಂಟು.

ಅಂಗಡಿಯಲ್ಲಿ ಒಂದು ಸುಲಭದ ಪರೀಕ್ಷೆ: ವ್ಯೂಫೈಂಡರಿನ ದೊಡ್ಡ ಕಿಟಕಿಯ ನಡುವೆ ಸಣ್ಣ ಕಪ್ಪು ಟೇಪಿನ ತುಂಡು ಅಂಟಿಸಿ. ಆ ಕತ್ತಲೆಯಲ್ಲಿ ಪ್ಯಾಚ್ ಕಾಣಿಸಿಕೊಂಡರೆ ಯಂತ್ರ ಬದುಕಿದೆ, ಬರೀ ಮಂಕಾಗಿದೆ. ಆಗಲೂ ಕಾಣದಿದ್ದರೆ ವಾಪಸ್ ಕೊಡಿ.

ಎರಡು ಬಿಂಬ ಸೇರುತ್ತಿಲ್ಲ. ಬಿಟ್ಟುಬಿಡಲಾ?

ಅಡ್ಡಕ್ಕೆ ತಪ್ಪಿದ್ದರೆ ಹೆದರಬೇಡಿ. ಲೆನ್ಸನ್ನು ಅನಂತ (∞) ಗುರುತಿಗೆ ತಿರುಗಿಸಿ ದೂರದ ಮೊಬೈಲ್ ಟವರ್ ನೋಡಿ, ಅರ್ಧ ಕಿಲೋಮೀಟರ್ ಆಚೆ ಇದ್ದರೆ ಒಳ್ಳೇದು, ರಾತ್ರಿಯಾದರೆ ಚಂದ್ರನೇ ಸಾಕು. ಬಿಂಬ ಒಂದಾಗಬೇಕು. ಸ್ವಲ್ಪ ಪಕ್ಕಕ್ಕೆ ಕಂಡರೆ ಅದು ಹೊಂದಿಸುವ ಸ್ಕ್ರೂ ಕೆಲಸ. ಮೇಲೆ ಕೆಳಗೆ ತಪ್ಪಿದ್ದರೆ ಕ್ಯಾಮೆರಾ ಬಿದ್ದಿರಬಹುದು, ಸರಿಮಾಡುವುದೂ ಸ್ವಲ್ಪ ತಲೆನೋವು.

ಆಮೇಲೆ ಹತ್ತಿರದ್ದನ್ನು ನೋಡಿ. ಒಂದು ಮೀಟರಿಗೆ ಟೇಪು ಹಿಡಿದು ಅಳೆಯಿರಿ, ಆದರೆ ಲೆನ್ಸಿನ ತುದಿಯಿಂದ ಅಲ್ಲ, ಫಿಲ್ಮ್ ಇರುವ ಜಾಗದಿಂದ. ಬಿಂಬ ಒಂದಾದಾಗ ಲೆನ್ಸಿನ ಮೇಲಿನ ಅಂಕಿಯೂ ಒಂದು ಮೀಟರ್ ತೋರಿಸಬೇಕು. ದೂರದ್ದು ಸರಿ, ಹತ್ತಿರದ್ದು ತಪ್ಪು ಅಂತಾದರೆ ಯಾರೋ ಮನೆಯಲ್ಲೇ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು ಅಂತಲೇ ಲೆಕ್ಕ.

ಪೂರ್ತಿ ಖಾತ್ರಿ ಬೇಕು ಅನ್ನುವವರಿಗೆ ಇನ್ನೊಂದಿದೆ. ಹಿಂದಿನ ಬಾಗಿಲು ತೆರೆಯುವ ಮೆಕ್ಯಾನಿಕಲ್ ಕ್ಯಾಮೆರಾದಲ್ಲಿ ಫಿಲ್ಮ್ ಓಡುವ ಹಳಿಗಳ ಮೇಲೆ ಒಂದು ಬಟರ್ ಪೇಪರ್ ತುಂಡನ್ನು ಬಿಗಿಯಾಗಿ ಅಂಟಿಸಿ, ಶಟರನ್ನು "ಬಿ" ಗುರುತಿನಲ್ಲಿ (ಬಟನ್ ಒತ್ತಿರುವಷ್ಟು ಹೊತ್ತು ತೆರೆದೇ ಇರುತ್ತದೆ) ಇಟ್ಟು ಒತ್ತಿ ಹಿಡಿದು, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಪೂರ್ತಿ ತೆರೆದು ಪ್ಯಾಚಿನಲ್ಲಿ ಒಂದು ದೀಪಕ್ಕೆ ಫೋಕಸ್ ಮಾಡಿ. ಕಾಗದದ ಮೇಲೆ ತಲೆಕೆಳಗಾದ ಬಿಂಬ ಮೂಡುತ್ತದೆ, ಅದನ್ನು ಭೂತಗನ್ನಡಿಯಲ್ಲಿ ನೋಡಿ. ಪ್ಯಾಚ್ ಹೇಳಿದ ಜಾಗದಲ್ಲೇ ಅದೂ ಚೂಪಾಗಿದ್ದರೆ ಕಣ್ಣುಮುಚ್ಚಿ ತಗೊಳ್ಳಿ. ತಳದಿಂದ ಫಿಲ್ಮ್ ತುಂಬುವ, ಲೆನ್ಸನ್ನು ತಿರುಪಿ ಕೂರಿಸುವ ಹಳೇ ಸ್ಕ್ರೂ ಲೈಕಾಗಳಲ್ಲಿ ಇದು ಆಗಲ್ಲ.

ಲೆನ್ಸ್ ಕ್ಲಿಯರ್ ಆಗಿದೆ ಅಂತಾರೆ. ನಂಬಬಹುದಾ?

ವ್ಯೂಫೈಂಡರಿನಲ್ಲಿ ಕಣ್ಣಿಟ್ಟು "ಎಷ್ಟು ಕ್ಲಿಯರ್ ನೋಡಿ" ಅನ್ನುವವರಿದ್ದಾರೆ. ರೇಂಜ್‌ಫೈಂಡರಿನಲ್ಲಿ ನೀವು ಲೆನ್ಸಿನ ಮೂಲಕ ನೋಡುವುದೇ ಇಲ್ಲ. ಮುಚ್ಚಳ ಹಾಕಿದ್ದರೂ ಜಗತ್ತು ಚೆನ್ನಾಗೇ ಕಾಣುತ್ತದೆ, ಹಾಗೇ ಒಂದು ರೀಲು ಪೂರ್ತಿ ಕಪ್ಪು ಹೊಡೆದವರೂ ಇದ್ದಾರೆ.

ಲೆನ್ಸನ್ನೇ ನೋಡಬೇಕು. ಶಟರ್ ಬಿಯಲ್ಲಿ, ಅಪರ್ಚರ್ ಪೂರ್ತಿ ತೆರೆದು, ಬಾಗಿಲೂ ತೆರೆದು, ಟಾರ್ಚನ್ನು ನೇರ ಬಿಡದೆ ಓರೆಯಾಗಿ ಬಿಡಿ. ಕೋಣೆಯ ಬೆಳಕಲ್ಲಿ ಶುದ್ಧ ಕಂಡ ಗಾಜು ಆಗ ಬೇರೆಯೇ ಕಾಣುತ್ತದೆ. ಒಂದೇ ಸಮ ಬೂದು ಮಬ್ಬು ಇದ್ದರೆ ಎಣ್ಣೆಯ ಆವಿ ಕೂತಿದೆ, ಇದು ಸಾಮಾನ್ಯವಾಗಿ ಒರೆಸಿದರೆ ಹೋಗುತ್ತದೆ. ಅಂಚಿನಿಂದ ಒಳಕ್ಕೆ ಕವಲೊಡೆದು ಹೋಗುವ ಸಣ್ಣ ಎಳೆಗಳಿದ್ದರೆ ಬೂಷ್ಟು, ಅಂದರೆ ಫಂಗಸ್. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆ, ಗುಳ್ಳೆ ಇದ್ದರೆ ಎರಡು ಗಾಜುಗಳ ನಡುವಿನ ಅಂಟು ಬಿಟ್ಟಿದೆ. ಈ ಕೊನೆಯದನ್ನು ಮುಟ್ಟಬೇಡಿ, ಸರಿಮಾಡುವ ಖರ್ಚಿನಲ್ಲಿ ಇನ್ನೊಂದು ಕ್ಯಾಮೆರಾ ಬರುತ್ತದೆ.

ಬೂಷ್ಟು ಇದ್ದರೆ ಬೇಡವೇ ಬೇಡವಾ?

ನಮ್ಮ ಕರಾವಳಿ, ಮಲೆನಾಡಿನಲ್ಲಿ ಅಟ್ಟದಿಂದ ಇಳಿಸಿದ ಕ್ಯಾಮೆರಾ ಅಂದ್ರೆ ಸ್ವಲ್ಪವಾದರೂ ಬೂಷ್ಟು ಇರುತ್ತದೆ, ಅಷ್ಟು ಮಳೆ, ಅಷ್ಟು ತೇವ. ಅಂಚಿನಲ್ಲಿ ನಾಲ್ಕು ಎಳೆ ಇದ್ದರೆ ಫೋಟೋದಲ್ಲಿ ಏನೂ ಕಾಣಲ್ಲ, ಬೆಲೆ ಇಳಿಸಿ ತಗೊಳ್ಳಿ, ಆಮೇಲೆ ಬಿಚ್ಚಿಸಿ ಒರೆಸಿಸಿ. ಗಾಜಿನ ನಡುವೆ ದಟ್ಟವಾಗಿ ಹರಡಿದ್ದರೆ ಒರೆಸಿದ ಮೇಲೂ ಲೇಪನದಲ್ಲಿ ಗುರುತು ಉಳಿಯಬಹುದು, ಎದುರು ಬೆಳಕಿನಲ್ಲಿ ಚಿತ್ರ ಮಸುಕಾಗುತ್ತದೆ. ಗಾಜುಗಳನ್ನು ಅಂಟಿಸಿದ ಜಾಗದೊಳಗೇ ಹೋಗಿದ್ದರೆ ಬಿಡಿ.

ಒಳಗಿನ ನಾಲ್ಕು ಕಣ ಧೂಳಿಗೆ ಚೌಕಾಸಿ ಮಾಡೋದು ಬೇಕಿಲ್ಲ. ಮುಂದಿನ ಗಾಜಿನ ಮೇಲಿನ ಸಣ್ಣ ಗೀರುಗಳೂ ಅಷ್ಟೇ. ಹಿಂದಿನ ಗಾಜಿನ ಗೀರು ಜಾಸ್ತಿ ತೊಂದರೆ ಕೊಡುತ್ತದೆ.

ಬೆಳಕು ಅಳೆಯುವ ಮೀಟರ್ ಓಡುತ್ತಿಲ್ಲ, ಬ್ಯಾಟರಿಯೂ ಸಿಗುತ್ತಿಲ್ಲ. ಏನು ಮಾಡೋದು?

ಆಗಿನ ತುಂಬಾ ಕ್ಯಾಮೆರಾಗಳಿಗೆ ಪಾದರಸದ ಬ್ಯಾಟರಿ ಹಾಕುತ್ತಿದ್ದರು. 2013ರ ಮಿನಮಾಟಾ ಒಪ್ಪಂದದಲ್ಲಿ ಅಂಥವನ್ನು 2020ರ ಹೊತ್ತಿಗೆ ನಿಲ್ಲಿಸಬೇಕು ಅಂತ ಆಯಿತು, ಅದಕ್ಕೆ ಮುಂಚೆಯೇ ಅಂಗಡಿಗಳಿಂದ ಮಾಯವಾಗಿದ್ದವು. ಕ್ಯಾನನೆಟ್ ಜಿ3ಕ್ಕೆ ಬೇಕಿದ್ದ 1.35 ವೋಲ್ಟಿನ ಪಿಎಕ್ಸ್625 ಬದಲು ಕಿವಿ ಯಂತ್ರಕ್ಕೆ ಹಾಕುವ 675 ನಂಬರಿನ ಜಿಂಕ್ ಏರ್ ಬ್ಯಾಟರಿ ಹಾಕಬಹುದು, ಸುತ್ತ ಒಂದು ರಬ್ಬರ್ ಉಂಗುರ ಇಟ್ಟರೆ ಕೂರುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ನೋಡಿ. 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮೀಟರ್ ಓಡುತ್ತದೆ, ಆದರೆ ತಪ್ಪು ಹೇಳಬಹುದು.

ಬ್ಯಾಟರಿ ಗೂಡಿನ ಮುಚ್ಚಳ ತೆರೆದೇ ನೋಡಿ. ಹಸಿರು ಕಿಲುಬು ಬರೀ ತಗಡಿನ ಮೇಲಿದ್ದರೆ ವಿನೆಗರ್ ಹಚ್ಚಿದ ಬಡ್ಸ್‌ನಿಂದ ಉಜ್ಜಿ ತೆಗೆಯಬಹುದು, ತಂತಿಯನ್ನೇ ತಿಂದಿದ್ದರೆ ಬೆಸುಗೆ ಕೆಲಸ. ಮುಚ್ಚಳವೇ ತೆರೆಯದಿದ್ದರೆ ಒಳಗೆ ಏನಾಗಿದೆ ಅಂತ ನೀವೇ ಊಹಿಸಿ.

1961ರ ಮೊದಲ ಕ್ಯಾನನೆಟ್‌ನಂತೆ ಲೆನ್ಸಿನ ಸುತ್ತ ಗುಳ್ಳೆ ಗುಳ್ಳೆ ಗಾಜು ಇದ್ದರೆ ಅದು ಸೆಲೆನಿಯಂ ಮೀಟರ್. ಬ್ಯಾಟರಿಯೇ ಬೇಡ, ಬೆಳಕು ಬಿದ್ದರೆ ಮುಳ್ಳು ಎದ್ದೇಳುತ್ತದೆ. ಸತ್ತಿದ್ದರೆ ಸತ್ತಂತೆಯೇ. ಶಟರ್ ಕೈಯಿಂದ ಹೊಂದಿಸುವ ಕ್ಯಾಮೆರಾಗೆ ಮೀಟರ್ ಇಲ್ಲದಿದ್ದರೂ ನಡೆಯುತ್ತದೆ, ಫೋನಿನ ಆ್ಯಪ್ ಇದೆಯಲ್ಲ.

ಯಾಶಿಕಾ ಎಲೆಕ್ಟ್ರೋ 35 ಎಲ್ಲ ಕಡೆ ಸಿಗುತ್ತದೆ. ಅದರಲ್ಲಿ ವಿಶೇಷವಾಗಿ ಏನು ನೋಡಬೇಕು?

ನಮ್ಮ ಕಡೆ ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. 1966ರಲ್ಲಿ ಬಂತು, ಜನ ಜಾಸ್ತಿ ಹುಡುಕುವ ಜಿಎಸ್‌ಎನ್ ಮಾದರಿ 1973ರದ್ದು. 45 ಎಂಎಂ, ಎಫ್ 1.7 ಲೆನ್ಸ್, ಆ ಬೆಲೆಗೆ ಅಂಥ ಗಾಜು ಬೇರೆ ಕಡೆ ಸಿಗೋದು ಕಷ್ಟ.

ಆದರೆ ಇದರ ಶಟರ್ ಎಲೆಕ್ಟ್ರಾನಿಕ್. ಬ್ಯಾಟರಿ ಇಲ್ಲದಿದ್ದರೆ 1/500ರಲ್ಲಿ ಮಾತ್ರ ಹೊಡೆಯುತ್ತದೆ, ಹಾಗಾಗಿ ಬ್ಯಾಟರಿ ಇಲ್ಲದೆ ಕ್ಲಿಕ್ ಅನ್ನಿಸಿ ತೋರಿಸಿದರೆ ಏನೂ ಸಾಬೀತಾಗಲಿಲ್ಲ. ಮೊದಲಿದ್ದದ್ದು 5.6 ವೋಲ್ಟಿನದ್ದು, ಈಗ 6 ವೋಲ್ಟಿನ 4ಎಲ್‌ಆರ್44 ಜೊತೆ ಒಂದು ಸ್ಪ್ರಿಂಗ್ ಹಾಕಿದರೆ ನಡೆಯುತ್ತದೆ. ಚೆಕ್ ಬಟನ್ ಒತ್ತಿದರೆ ದೀಪ ಹತ್ತಬೇಕು.

ಈಗ ಲಿವರ್ ಎಳೆಯಿರಿ. ಎಳೆಯುವಾಗ ಒಳಗಿನಿಂದ "ಟಣಕ್" ಅಂತ ಗಟ್ಟಿ ಸದ್ದು ಬರಬೇಕು. ಒಳಗೊಂದು ಸಣ್ಣ ರಬ್ಬರ್ ತುಂಡಿದೆ, ವಯಸ್ಸಾದಂತೆ ಅದು ಪುಡಿಯಾಗುತ್ತದೆ, ಆಗ ಆ ಸದ್ದು ನಿಲ್ಲುತ್ತದೆ, ಎಕ್ಸ್‌ಪೋಶರ್ (ಫಿಲ್ಮಿಗೆ ಬೀಳುವ ಬೆಳಕಿನ ಪ್ರಮಾಣ) ಅಡ್ಡಾದಿಡ್ಡಿಯಾಗುತ್ತದೆ. ಈ ಕ್ಯಾಮೆರಾ ಬಲ್ಲವರು ಅದಕ್ಕೆ "ಪ್ಯಾಡ್ ಆಫ್ ಡೆತ್" ಅಂತಲೇ ಕರೆಯುತ್ತಾರೆ. ಹೆಸರು ಕೇಳಿ ಗಾಬರಿ ಬೇಡ, ತುಂಡು ಬದಲಿಸಬಹುದು, ಆದರೆ ಕ್ಯಾಮೆರಾ ಸಾಕಷ್ಟು ಬಿಚ್ಚಬೇಕು.

ಕೊನೆಗೆ, ಮುಂದಿನ ಬೆಳಕಿನ ಕಣ್ಣನ್ನು ಬೆರಳಿನಿಂದ ಮುಚ್ಚಿ, ಆಟೋ ಗುರುತಿನಲ್ಲಿ ಇಟ್ಟು ಒತ್ತಿ. ಶಟರ್ ತೆರೆದೇ ಇರಬೇಕು, ಇದು ಮೂವತ್ತು ಸೆಕೆಂಡಿನವರೆಗೂ ತೆರೆದಿರಬಲ್ಲದು. ಬೆರಳು ತೆಗೆದು ಬಿಸಿಲಿಗೆ ಹಿಡಿದು ಹೊಡೆದರೆ ಟಕ್ ಅಂತ ಮುಚ್ಚಬೇಕು. ಎರಡೂ ಸಲ ಒಂದೇ ಸದ್ದು ಬಂದರೆ ಅದನ್ನು ಅಲ್ಲೇ ಬಿಟ್ಟು ಹೋಗಿ. ಕತ್ತಲಲ್ಲಿ ಹಳದಿ, ಬಿಸಿಲಲ್ಲಿ ಅಪರ್ಚರ್ ಪೂರ್ತಿ ತೆರೆದಾಗ ಕೆಂಪು ದೀಪ ಬರಬೇಕು.

ಕ್ಯಾನನೆಟ್ ಬಟನ್ ಒಳಗೆ ಹೋಗುತ್ತಿಲ್ಲ. ಕೆಟ್ಟಿದೆಯಾ?

ಆಟೋದಲ್ಲಿ ಬೆಳಕು ಸಾಲದಿದ್ದರೆ ಅದು ಬಟನ್ನನ್ನು ಬೇಕಂತಲೇ ತಡೆಯುತ್ತದೆ. ಅಪರ್ಚರನ್ನು ಆಟೋದಿಂದ ತೆಗೆದು ಯಾವುದಾದರೂ ಅಂಕಿಗೆ ಇಟ್ಟು ಒತ್ತಿ. "ಲಾಕ್ ಆಗಿದೆ" ಅಂತ ಅಗ್ಗಕ್ಕೆ ಕೊಡುವ ಒಳ್ಳೇ ಕ್ಯಾನನೆಟ್‌ಗಳು ಹೀಗೇ ಸಿಗೋದು.

ರಷ್ಯನ್ ಕ್ಯಾಮೆರಾ ತಗೋಬಹುದಾ?

ಜೋರ್ಕಿ 4 ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯದ್ದು, ಫೆಡ್ ಉಕ್ರೇನಿನ ಖಾರ್ಕಿವ್‌ನದ್ದು. ಲಕ್ಷಗಟ್ಟಲೆ ಮಾಡಿದ್ದಾರೆ, ಒಂದೊಂದು ಒಂದೊಂದು ಥರ. ಜುಪಿಟರ್ 8 ಲೆನ್ಸಿಗೋಸ್ಕರವೇ ಕೊಳ್ಳುವವರಿದ್ದಾರೆ, ತಪ್ಪೇನಿಲ್ಲ. ಒಂದು ನಿಯಮ ಮಾತ್ರ ಮರೆಯಬೇಡಿ: ಶಟರ್ ಎಳೆದ ಮೇಲೆಯೇ ವೇಗ ಬದಲಿಸಬೇಕು. ಎಳೆಯದೆ ತಿರುಗಿಸಿದರೆ ಒಳಗೆ ಮುರಿಯಬಹುದು. ಮಾರುವವರೇ ಸುಮ್ನೆ ಕೈಗೆ ತಗೊಂಡು ಗರಗರ ತಿರುಗಿಸಿ ತೋರಿಸಿದರೆ ಆ ಕ್ಯಾಮೆರಾ ಇಷ್ಟು ದಿನ ಹೇಗೆ ಬಾಳಿತು ಅಂತ ಗೊತ್ತಾಯ್ತಲ್ವಾ.

ಚಿನ್ನದ ಬಣ್ಣದ ಲೈಕಾ, ಜರ್ಮನ್ ಸೈನ್ಯದ ಮುದ್ರೆ ಇದೆ, ಬೆಲೆಯೂ ಕಡಿಮೆ. ಅದೃಷ್ಟ ಅಲ್ವಾ?

ಅಲ್ಲ. ಅದು ಫೆಡ್ ಅಥವಾ ಜೋರ್ಕಿಗೆ ಹಾಕಿದ ವೇಷ. ಲೆನ್ಸ್ ಬಿಚ್ಚಿ ಒಳಗೆ ಮೇಲ್ಗಡೆ ನೋಡಿ. ಲೆನ್ಸಿಗೆ ತಾಗಿ ಚಲಿಸುವ ತುಂಡು ಅಸಲಿ ಲೈಕಾದಲ್ಲಿ ಉರುಳುವ ಸಣ್ಣ ಚಕ್ರ, ರಷ್ಯನ್ನಿನಲ್ಲಿ ನಾಲಿಗೆಯಂಥ ತಗಡು. ಷೋಕೇಸಿಗೆ ಬೇಕಿದ್ದರೆ ಜೋರ್ಕಿ ಬೆಲೆ ಕೊಟ್ಟು ತಗೊಳ್ಳಿ.

ಅಸಲಿ ಲೈಕಾ ಎಂ3 ಸಿಕ್ಕರೆ?

ಅಷ್ಟು ದುಡ್ಡು ಹಾಕುವ ಮುಂಚೆ ಪ್ಯಾಚನ್ನು ಹತ್ತು ಸಲ ನೋಡಿ. 1954ರಲ್ಲಿ ಬಂದ ಈ ಕ್ಯಾಮೆರಾದ ವ್ಯೂಫೈಂಡರ್ 0.91 ಪಟ್ಟು, ಅಂದರೆ ಹೆಚ್ಚುಕಮ್ಮಿ ಬರಿಗಣ್ಣಿಗೆ ಕಾಣುವಷ್ಟೇ ದೊಡ್ಡದಾಗಿ ತೋರಿಸುತ್ತದೆ, ಅದು ಹೆಸರುವಾಸಿಯಾದದ್ದೇ ಅದಕ್ಕೆ. ಒಳಗಿನ ಪ್ರಿಸಂಗಳನ್ನು ಬಾಲ್ಸಮ್ ಅಂಟಿನಿಂದ ಕೂಡಿಸಿದ್ದಾರೆ. ಎಲ್ಲಾದರೂ ಜೋರಾಗಿ ತಗುಲಿದರೆ ಆ ಅಂಟು ಬಿಟ್ಟು ಪ್ಯಾಚ್ ಕಪ್ಪಾಗಿಬಿಡಬಹುದು. ಅಂಚಿನಲ್ಲಿ ಕಪ್ಪು ಶುರುವಾಗಿದ್ದರೂ ಬೇಡ. ಮೊದಮೊದಲ ಎಂ3ಗಳಲ್ಲಿ ಲಿವರನ್ನು ಎರಡು ಸಲ ಎಳೆಯಬೇಕು, ಅದು ದೋಷವಲ್ಲ.

ಬಾಗಿಲ ಸಂದಿಯಲ್ಲಿ ಕಪ್ಪಗೆ ಅಂಟಂಟು ಇದೆ.

ಬೆಳಕು ತಡೆಯುವ ಸ್ಪಂಜು ಕರಗಿ ಡಾಂಬರಿನಂತಾಗಿದೆ. ಆ ಕಾಲದ ಹೆಚ್ಚಿನ ಜಪಾನಿ ಕ್ಯಾಮೆರಾಗಳ ಹಣೆಬರಹ ಇದು. ಕೆರೆದು ತೆಗೆದು ಹೊಸ ಪಟ್ಟಿ ಅಂಟಿಸಬೇಕು, ಮನೆಯಲ್ಲೇ ಒಂದು ಮಧ್ಯಾಹ್ನದ ಕೆಲಸ. ಇದನ್ನೇ ದೊಡ್ಡದು ಮಾಡಿ ಬೆಲೆ ಇಳಿಸಿ.

ಹೊರಗಡೆ ಏನೂ ನೋಡಬೇಕಿಲ್ಲವಾ?

ನೋಡಿ, ಆದರೆ ಅಂದಕ್ಕಲ್ಲ. ಫಿಲ್ಟರ್ ಉಂಗುರ ನೆಗ್ಗಿದ್ದರೆ ಮೂತಿಯ ಮೇಲೆ ಬಿದ್ದಿದೆ, ಪ್ಯಾಚನ್ನು ಇನ್ನೊಮ್ಮೆ ನೋಡಿ. ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಅರ್ಧಂಬರ್ಧ ಬಲ್ಲವರು ಬಿಚ್ಚಿದ್ದಾರೆ. ತಂದ ಹಳೇ ರೀಲನ್ನು ಹಾಕಿ ಎಳೆಯಿರಿ, ರಿವೈಂಡ್ ಗುಂಡಿ ತಾನೂ ತಿರುಗಬೇಕು. ಸೆಲ್ಫ್ ಟೈಮರ್ ಮುಟ್ಟಬೇಡಿ, ಹಳೇ ಕ್ಯಾಮೆರಾದಲ್ಲಿ ಅದು ನಡುವೆ ಸಿಕ್ಕಿಕೊಂಡರೆ ಶಟರನ್ನೂ ಹಿಡಿದುಕೊಳ್ಳುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ?

"ಅನ್‌ಟೆಸ್ಟೆಡ್" ಅಂದ್ರೆ ಟೆಸ್ಟ್ ಮಾಡಿದೆ, ಓಡಲಿಲ್ಲ ಅಂತಲೇ ತಿಳಿದು ಬೆಲೆ ಕಟ್ಟಿ. "ಮಿಂಟ್" ಅನ್ನೋದಕ್ಕೆ ಅರ್ಥವೇ ಉಳಿದಿಲ್ಲ. "ಸಿಎಲ್‌ಎ ಆಗಿದೆ" ಅಂದರೆ ಬಿಚ್ಚಿ ತೊಳೆದು, ಎಣ್ಣೆ ಹಾಕಿ, ಹೊಂದಿಸಿದ್ದಾರೆ ಅಂತ. ಯಾರು, ಯಾವಾಗ ಮಾಡಿದ್ದು, ಬಿಲ್ ಇದೆಯಾ ಕೇಳಿ. "ಫಿಲ್ಮ್ ಟೆಸ್ಟೆಡ್" ಅಂದರೆ ಆ ಫೋಟೋ ತೋರಿಸಿ ಅನ್ನಿ.

ಎರಡು ವಿಡಿಯೋ ಕೇಳಿ, ಒಂದು ನಿಧಾನದ ವೇಗದಲ್ಲಿ ಶಟರ್ ಹೊಡೆಯುವುದು ಸದ್ದಿನ ಸಮೇತ, ಇನ್ನೊಂದು ವ್ಯೂಫೈಂಡರಿನೊಳಗಿನಿಂದ ಬಿಂಬ ಸೇರುವುದು. ಜೊತೆಗೆ ಲೆನ್ಸಿನ ಟಾರ್ಚ್ ಫೋಟೋ. ಕೊಡಲ್ಲ ಅಂದರೆ ಅದೇ ಉತ್ತರ. ಜಪಾನಿನಿಂದ ತರಿಸುವವರು ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ, ಅಗ್ಗ ಕಂಡದ್ದು ಎಷ್ಟೋ ಸಲ ಇಲ್ಲಿನ ಬೆಲೆಗೇ ಬಂದು ನಿಲ್ಲುತ್ತದೆ.

ತಂದ ಮೇಲೆ ಅದರ ಚರ್ಮದ ಕೇಸಿನಲ್ಲೇ ಇಡಬಹುದಾ?

ಬೇಡ. ಚರ್ಮ ತೇವ ಹಿಡಿದಿಡುತ್ತದೆ, ಬೂಷ್ಟು ಅಲ್ಲಿಂದಲೇ ಶುರು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಮಳೆಗಾಲದಲ್ಲಿ ಜೆಲ್ ಆಗಾಗ ಬದಲಿಸಿ. ಮಂಗಳೂರು, ಉಡುಪಿ, ಆಗುಂಬೆ ಕಡೆಯವರಿಗೆ ಡ್ರೈ ಕ್ಯಾಬಿನೆಟ್ ಇದ್ದರೆ ನೆಮ್ಮದಿ.

ಮೊದಲ ರೀಲು ಯಾವುದು ಹಾಕಲಿ?

400 ಸ್ಪೀಡಿನ (ಐಎಸ್‌ಒ 400) ಯಾವುದಾದರೂ ನೆಗೆಟಿವ್ ಫಿಲ್ಮ್, ಇಲ್‌ಫರ್ಡ್ ಎಚ್‌ಪಿ5 ಆದರೂ ಸರಿ. ಮದುವೆಗೆ, ಟ್ರಿಪ್ಪಿಗೆ ಹಾಕಬೇಡಿ, ಈ ರೀಲು ಪರೀಕ್ಷೆಗೆ. ಒಂದೇ ದೃಶ್ಯವನ್ನು ಬೇರೆ ಬೇರೆ ವೇಗದಲ್ಲಿ ಹೊಡೆಯಿರಿ, ಫ್ರೇಮ್ ನಂಬರ್, ವೇಗ, ಅಪರ್ಚರ್ ಬರೆದಿಡಿ, ಎರಡು ಮೂರು ಫ್ರೇಮ್ ಪೂರ್ತಿ ತೆರೆದ ಅಪರ್ಚರಿನಲ್ಲಿ ಹತ್ತಿರದ್ದಕ್ಕೆ ಫೋಕಸ್ ಮಾಡಿ ಹೊಡೆಯಿರಿ. ಲ್ಯಾಬಿನವರಿಗೆ ಬರೀ ಸ್ಕ್ಯಾನ್ ಸಾಲದು, ನೆಗೆಟಿವ್ ವಾಪಸ್ ಬೇಕು ಅಂತ ಮೊದಲೇ ಹೇಳಿ. ಫ್ರೇಮುಗಳು ಒಂದರ ಮೇಲೊಂದು ಬಿದ್ದಿವೆಯಾ, ತೂತುಗಳ ಅಂಚಿನಿಂದ ಬೆಳಕು ಸೋರಿದೆಯಾ, ವೇಗದ ಫ್ರೇಮಿನಲ್ಲಿ ಒಂದು ಬದಿ ಬೇರೆ ಥರ ಇದೆಯಾ ಅನ್ನೋದು ನೆಗೆಟಿವ್ ಹಿಡಿದು ನೋಡಿದರೇ ಸರಿಯಾಗಿ ಗೊತ್ತಾಗೋದು, ಸ್ಕ್ಯಾನ್ ಮಾಡುವ ಯಂತ್ರ ಅರ್ಧ ತಪ್ಪನ್ನು ತಾನೇ ತಿದ್ದಿಬಿಟ್ಟಿರುತ್ತದೆ.